ಚೀನಾ ಮಾಲು ಬಿಟ್ಟು ಮನೆ ತುಂಬಿಸಲು ಹೊರಟರೆ

ಹೊಸ ಮನೆಗೆ ಬೇಕಾದ ಸಾಮಾನಿನಲ್ಲಿ ಚೀನಾದಲ್ಲಿ ತಯಾರಾದದ್ದು ಇರಬಾರದು ಎಂಬ ಷರತ್ತು ಹಾಕಿಕೊಂಡು ಶುರುವಾದ ಖರೀದಿ ಹದಿನಾಲ್ಕು ತಿಂಗಳು ಹಿಡಿದು ಕಳೆದ ವಾರ ಮುಗಿಯಿತು. ಬಲ್ಬಿನಿಂದ ಹಿಡಿದು ಛಾವಣಿಯ ಸೋಲಾರ್‌ವರೆಗೆ ಒಟ್ಟು 63 ಐಟಂ. ಪ್ರತಿಯೊಂದರ ಲೇಬಲ್ ಫೋಟೊ, ಬೆಲೆ, ಹುಡುಕಲು ಹಿಡಿದ ದಿನ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದಿದೆ. ಇದೇ ದಾರಿ ಹಿಡಿಯುವವರಿಗೆ ಉಪಯೋಗಕ್ಕೆ ಬರುವಷ್ಟನ್ನು ಅದರಿಂದ ಇಲ್ಲಿಗೆ ಇಳಿಸಿದೆ.

ಯಾಕೆ ಬೇಡ ಎಂಬ ಚರ್ಚೆಗೆ ಹೋಗುವುದಿಲ್ಲ. 2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ 20 ಯೋಧರು ಹುತಾತ್ಮರಾದ ಮೇಲೆ ಈ ತೀರ್ಮಾನಕ್ಕೆ ಬಂದ ಮನೆಗಳು ಬಹಳ. ಅದೇ ತಿಂಗಳ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿವಿಯನ್ನು ಬಾಲ್ಕನಿಯಿಂದ ಕೆಳಕ್ಕೆ ಎಸೆದವರೂ ಇದ್ದರು. ದುಡ್ಡು ಕೊಟ್ಟು ತಂದ ಟಿವಿ ಒಡೆದರೆ ನಷ್ಟ ಒಡೆದವನಿಗೇ. ತಯಾರಿಸಿದವನ ದುಡ್ಡು ಆಗಲೇ ಸಂದಾಯವಾಗಿರುತ್ತದೆ. ಇಷ್ಟೆಲ್ಲ ಆದಮೇಲೂ 2023-24ರಲ್ಲಿ ಚೀನಾದಿಂದ ನಮ್ಮ ಆಮದು 100 ಶತಕೋಟಿ ಡಾಲರ್ ದಾಟಿತ್ತು. ಬೇಡ ಎನ್ನಲು ಒಂದು ಕ್ಷಣ ಸಾಕು. ಬೇಡದ್ದು ಯಾವುದೆಂದು ಪತ್ತೆ ಮಾಡಲು ಮಾತ್ರ ವರ್ಷ ಸಾಲದು.

ಅಂಗಡಿಗೆ ಹೋಗುವ ಮೊದಲು ಗೆರೆ ಎಲ್ಲಿ ಎಳೆಯುವುದೆಂದು ನಿರ್ಧರಿಸಬೇಕು. ಇದನ್ನು ಮಾಡದೆ ಹೊರಟರೆ ಎರಡನೇ ಅಂಗಡಿಯಲ್ಲೇ ಜಗಳ. ಮೊಬೈಲನ್ನೇ ನೋಡಿ: ಚೀನಾ ಕಂಪನಿಯ ಫೋನ್ ಗ್ರೇಟರ್ ನೋಯ್ಡಾದಲ್ಲಿ ಜೋಡಣೆಯಾಗುತ್ತದೆ, ಅಮೆರಿಕದ ಕಂಪನಿಯ ಫೋನ್ ನಮ್ಮ ಕೋಲಾರದ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ತಯಾರಾಗುತ್ತದೆ, ಎರಡರ ಒಳಗೂ ಚೀನಾದ ಬಿಡಿಭಾಗ ಇದ್ದೇ ಇರುತ್ತದೆ. ಹಾಗಾದರೆ ಬೇಡ ಎಂದದ್ದು ಯಾವುದನ್ನು? ಕಂಪನಿಯನ್ನೋ, ಜೋಡಣೆಯ ಜಾಗವನ್ನೋ, ಒಳಗಿನ ಭಾಗವನ್ನೋ? ಮೂರನ್ನೂ ಒಟ್ಟಿಗೆ ಬೇಡ ಎಂದವರಿಗೆ ಮಣ್ಣಿನ ಹಣತೆ, ಸ್ಟೀಲ್ ಚೊಂಬು ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಇಲ್ಲಿ ಹಾಕಿಕೊಂಡ ಗೆರೆ ಇಷ್ಟು: ಲೇಬಲ್‌ನಲ್ಲಿ ಮೂಲ ದೇಶ ಚೀನಾ ಇದ್ದರೆ ಬೇಡ, ಕಂಪನಿ ಚೀನಾದ್ದಾದರೂ ಬೇಡ, ಒಳಗಿನ ಭಾಗಗಳ ವಿಷಯದಲ್ಲಿ ತಿಳಿಯುವಷ್ಟು ತಿಳಿದುಕೊಂಡು ಬೇರೆ ದಾರಿ ಇದ್ದರೆ ಅದು, ಇಲ್ಲದಿದ್ದರೆ ಬಂದದ್ದು. ಬೆಲೆ ಕಾಲು ಭಾಗದಷ್ಟು ಹೆಚ್ಚಾದರೂ ಸರಿ, ಅದಕ್ಕಿಂತ ಮೇಲೆ ಹೋದರೆ ಮತ್ತೊಮ್ಮೆ ಯೋಚನೆ. ಈ ಕೊನೆಯ ಷರತ್ತನ್ನು ಮೊದಲೇ ಬರೆದಿಡಿ. ಅಂಗಡಿಯವನ ಮುಂದೆ ನಿಂತು ಮಿತಿ ಹಾಕಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಮೊದಲ ತಿಂಗಳು ಪೂರ್ತಿ ಲೇಬಲ್ ಓದುವುದನ್ನು ಕಲಿಯುವುದರಲ್ಲೇ ಕಳೆಯಿತು. ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಓಡಾಡುವ ಒಂದು ಸಲಹೆ ಇದೆಯಲ್ಲ, ಬಾರ್‌ಕೋಡ್ 690ರಿಂದ 699ರೊಳಗೆ ಶುರುವಾದರೆ ಚೀನಾ, 890 ಇದ್ದರೆ ಭಾರತ ಎಂದು. ಅದನ್ನು ನಂಬಬೇಡಿ. ಆ ಮೂರು ಅಂಕಿ ಹೇಳುವುದು ಕಂಪನಿ ಯಾವ ದೇಶದ ಸಂಸ್ಥೆಯಲ್ಲಿ ಬಾರ್‌ಕೋಡ್ ನೋಂದಾಯಿಸಿದೆ ಎಂಬುದನ್ನು ಮಾತ್ರ. ಭಾರತದ ಕಂಪನಿ ಚೀನಾದಲ್ಲಿ ಮಾಡಿಸಿ ತಂದ ಟಾರ್ಚಿಗೂ 890 ಇರುತ್ತದೆ. ನೋಟ್‌ಬುಕ್ಕಿನ ಮೊದಲ ಹತ್ತು ಐಟಂಗಳಲ್ಲಿ ಮೂರನ್ನು ಬಾರ್‌ಕೋಡ್ ನಂಬಿಯೇ ತಂದದ್ದು, ಮೂರರ ಮೇಲೂ ಆಮೇಲೆ ಕಾಟು ಹಾಕಿದೆ.

ಓದಬೇಕಾದ್ದು ಪೆಟ್ಟಿಗೆಯ ಹಿಂಬದಿಯ ಸಣ್ಣಕ್ಷರದ ಚೌಕ. ಆಮದಾದ ಪ್ಯಾಕೆಟ್ ಮೇಲೆ ಮೂಲ ದೇಶದ ಹೆಸರು, ಆಮದು ಮಾಡಿದವರ ಹೆಸರು ಮತ್ತು ವಿಳಾಸ ಇರಲೇಬೇಕು ಎನ್ನುತ್ತವೆ 2011ರ ಪ್ಯಾಕೆಟ್ ಸರಕುಗಳ ಕಾನೂನು ಮಾಪನ ನಿಯಮಗಳು. ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದಿದ್ದು ಅದರ ಕೆಳಗೆ ಭಾರತದ ವಿಳಾಸ ಇದ್ದರೆ ಸರಿ. ‘ಮಾರ್ಕೆಟೆಡ್ ಬೈ’ ಒಂದೇ ಇದ್ದರೆ ಇನ್ನೂ ಕೆಳಗೆ ಹುಡುಕಿ. ‘ಇಂಪೋರ್ಟೆಡ್ ಆ್ಯಂಡ್ ಪ್ಯಾಕ್ಡ್ ಬೈ’ ಕಂಡರೆ ಮುಂದಿನ ಸಾಲಿನಲ್ಲಿ ದೇಶದ ಹೆಸರಿರುತ್ತದೆ. ‘ಮೇಡ್ ಇನ್ ಪಿಆರ್‌ಸಿ’ ಅಂದರೂ ಚೀನಾವೇ, ಪೀಪಲ್ಸ್ ರಿಪಬ್ಲಿಕ್ ಆಫ್ ಚೈನಾ. ‘ಪಿಆರ್‌ಸಿ ಅಂದ್ರೆ ಕಂಪನಿ ಹೆಸರು ಸಾರ್’ ಎಂದು ಅಂಗಡಿಯಲ್ಲಿ ಪ್ರಾಮಾಣಿಕವಾಗಿ ನಂಬಿದವರಿದ್ದಾರೆ. ಜರ್ಮನ್ ವಿನ್ಯಾಸ, ಜಪಾನ್ ತಂತ್ರಜ್ಞಾನ, ಹೆಮ್ಮೆಯ ಭಾರತೀಯ ಬ್ರ್ಯಾಂಡ್ ಎಂದು ಮುಂಬದಿಯಲ್ಲಿ ದೊಡ್ಡದಾಗಿ ಅಚ್ಚಾದ ಮಾತಿಗೂ ತಯಾರಾದ ಜಾಗಕ್ಕೂ ಸಂಬಂಧವಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲೂ ಮೂಲ ದೇಶ ಇರುವುದಿಲ್ಲ, ಹಾಗಾಗಿ ಬಿಲ್ಲಿನ ಜೊತೆ ಪೆಟ್ಟಿಗೆಯನ್ನೂ ಇಟ್ಟುಕೊಳ್ಳಿ.

ಲೇಬಲ್ ಆದಮೇಲೆ ಎರಡನೇ ಜರಡಿ, ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪ್. ಇಡೀ ಹದಿನಾಲ್ಕು ತಿಂಗಳಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ. ಎಲ್‌ಇಡಿ ಬಲ್ಬ್, ಚಾರ್ಜರ್, ಪವರ್ ಬ್ಯಾಂಕ್, ಟಿವಿ, ಮೊಬೈಲ್ ಇವುಗಳ ಮೇಲೆ ‘ಆರ್-’ ಎಂದು ಶುರುವಾಗಿ ಎಂಟು ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಆ್ಯಪ್‌ನಲ್ಲಿ ಆರ್ ನಂಬರ್ ಪರಿಶೀಲನೆ ಎಂಬಲ್ಲಿ ಹಾಕಿದರೆ ಕಾರ್ಖಾನೆಯ ಹೆಸರು, ವಿಳಾಸ, ದೇಶ, ಯಾವ ಬ್ರ್ಯಾಂಡಿಗೆ ಪರವಾನಗಿ, ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಬರುತ್ತದೆ. ಒಂದೇ ಕಂಪನಿಯ 9 ವ್ಯಾಟ್ ಬಲ್ಬ್ ಭಾರತದ ಕಾರ್ಖಾನೆಯದ್ದಾಗಿ, ಅದೇ ಕಂಪನಿಯ ಅಲಂಕಾರದ ಬಲ್ಬ್ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ್ದಾಗಿರುವುದು ಹೀಗೆ ಗೊತ್ತಾದದ್ದು. ಬ್ರ್ಯಾಂಡ್ ಒಂದನ್ನು ಒಪ್ಪಿದೆವೆಂದು ಅದರ ಎಲ್ಲ ಮಾಲನ್ನೂ ಒಪ್ಪಬಾರದು. ಐಎಸ್‌ಐ ಗುರುತಿನ ಸಾಮಾನಿಗೆ ಸಿಎಂ/ಎಲ್ ನಂಬರ್ ಇರುತ್ತದೆ, ಅದಕ್ಕೆ ಆ್ಯಪ್‌ನಲ್ಲಿ ಬೇರೆ ಜಾಗ. ಐಎಸ್‌ಐ ಇದ್ದರೆ ದೇಶೀ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಅದು ಗುಣಮಟ್ಟದ ಗುರುತು, ವಿದೇಶದ ಕಾರ್ಖಾನೆಗೂ ಬಿಐಎಸ್ ಪರವಾನಗಿ ಕೊಡುತ್ತದೆ.

ಎಲೆಕ್ಟ್ರಿಕಲ್ ಸಾಮಾನಿಗೆ ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆ, ಎಲೆಕ್ಟ್ರಾನಿಕ್ಸ್‌ಗೆ ಎಸ್‌ಪಿ ರೋಡ್. ಎರಡೂ ಕಡೆ ವ್ಯಾಪಾರಿಗಳು ಮುಚ್ಚುಮರೆ ಮಾಡುವುದಿಲ್ಲ, ಅದು ಅನುಕೂಲ. ಕೇಳುವ ಮೊದಲೇ ಅವರದೇ ಪ್ರಶ್ನೆ ಬರುತ್ತದೆ.

‘ಇಂಡಿಯನ್ ಕೊಡ್ಲಾ ಸಾರ್, ಚೈನಾ ಕೊಡ್ಲಾ?’

‘ಇಂಡಿಯನ್ನೇ ಕೊಡಿ. ಪೆಟ್ಟಿಗೆ ಸಮೇತ ಕೊಡಿ.’

‘ಪೆಟ್ಟಿಗೆ ಸಮೇತ ಅಂದ್ರೆ ರೇಟ್ ಬೇರೆ ಸಾರ್.’

ಈ ಕೊನೆಯ ಮಾತನ್ನು ಗಮನಿಸಿ. ‘ಇಂಡಿಯನ್’ ಎಂದು ಕೊಡುವ ಬಿಡಿ ಮಾಲಿಗೆ ಲೇಬಲ್ಲೂ ಇರುವುದಿಲ್ಲ, ಆರ್ ನಂಬರೂ ಇರುವುದಿಲ್ಲ. ಬಿಡಿ ಹೋಲ್ಡರ್, ಬಿಡಿ ಅಡಾಪ್ಟರ್, ಬಿಡಿ ಸೀರಿಯಲ್ ಸೆಟ್ ಇವುಗಳ ಮೂಲ ದೇಶ ತಿಳಿಯಲು ದಾರಿಯೇ ಇಲ್ಲ. ದೀಪಾವಳಿಯ ಸೀರಿಯಲ್ ಸೆಟ್ಟಿಗಾಗಿ ಎರಡು ಶನಿವಾರ ಸುತ್ತಿ, ಸಿಕ್ಕ ಲೇಬಲ್ ಇರುವ ಸೆಟ್‌ಗೆ ಬಿಡಿ ಮಾಲಿನ ಮೂರರಷ್ಟು ಬೆಲೆ ಕೇಳಿದಾಗ ಅದನ್ನು ಕೈಬಿಟ್ಟದ್ದಾಯಿತು. ಹಣತೆಗೆ ಎಣ್ಣೆ ಬತ್ತಿ ಇದ್ದರೆ ಸಾಕು.

ಎಲ್‌ಇಡಿ ಬಲ್ಬಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ‘ಭಾರತದಲ್ಲಿ ತಯಾರಾದದ್ದು’ ಎಂಬ ಮಾತು ಎಲ್ಲಿಯವರೆಗೆ ನಿಜ ಎಂಬುದು ಅದರಲ್ಲಿ ಕೈಯಲ್ಲಿ ಹಿಡಿದು ನೋಡಲು ಸಿಗುತ್ತದೆ. ಉರಿದು ಸತ್ತ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ಅರ್ಧ ಗಂಟೆ ಬಿಟ್ಟು, ಬಿಳಿ ಗುಮ್ಮಟವನ್ನು ತಿರುಗಿಸಿದರೆ ಟಕ್ಕೆಂದು ಬರುತ್ತದೆ. ಕೆಳಗೆ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಹಳದಿ ಚೌಕಗಳು. ಅವೇ ಎಲ್‌ಇಡಿ. ಸತ್ತದ್ದರ ನಡುವೆ ಕಪ್ಪು ಚುಕ್ಕೆ ಇರುತ್ತದೆ. ಸಾಲಾಗಿ ಜೋಡಿಸಿರುವುದರಿಂದ ಒಂದು ಸತ್ತರೆ ಎಲ್ಲವೂ ಆರುತ್ತವೆ. ತಟ್ಟೆಯ ಕೆಳಗೆ ಎಲ್‌ಇಡಿಗೆ ಹದವಾದ ಕರೆಂಟ್ ಕೊಡುವ ಡ್ರೈವರ್ ಎಂಬ ಸಣ್ಣ ಬೋರ್ಡು, ಅದರಲ್ಲೊಂದು ಐಸಿ, ಒಂದು ಸುರುಳಿ, ಪೆನ್ಸಿಲ್ ತುಂಡಿನಂಥ ಕೆಪಾಸಿಟರ್. ಕವಚ, ಅಲ್ಯೂಮಿನಿಯಂ, ಕ್ಯಾಪು, ಜೋಡಣೆ ಇಲ್ಲಿಯದು. ಹಳದಿ ಚೌಕದ ಒಳಗಿನ ಚಿಪ್ಪು, ಡ್ರೈವರಿನ ಐಸಿ ಹೊರಗಿನಿಂದ ಬಂದವು, ಬಹುಪಾಲು ಚೀನಾದಿಂದಲೇ. ಇದನ್ನು ತಪ್ಪಿಸಿ ಬಲ್ಬ್ ಕೊಳ್ಳುವ ದಾರಿ ಮಾರುಕಟ್ಟೆಯಲ್ಲಿ ಸಿಗಲಿಲ್ಲ. ಆದರೂ ಆರ್ ನಂಬರ್ ಇರುವ, ಇಲ್ಲಿ ಜೋಡಣೆಯಾದ ಬಲ್ಬಿಗೇ ದುಡ್ಡು ಕೊಡುವುದು ವಾಸಿ. ಅಗ್ಗದ ಬಿಡಿ ಬಲ್ಬಿನಲ್ಲಿ ಡ್ರೈವರ್ ಬೋರ್ಡೇ ಇರುವುದಿಲ್ಲ, ಎಲ್ಲವನ್ನೂ ಅದೇ ತಟ್ಟೆಗೆ ಅಂಟಿಸಿರುತ್ತಾರೆ. ಬಿಸಿಗೆ, ಏರಿಳಿಯುವ ವೋಲ್ಟೇಜಿಗೆ ಬೇಗ ಸಾಯುತ್ತದೆ.

ಫ್ಯಾನಿನಲ್ಲಿ ಆಯ್ಕೆ ಸ್ಪಷ್ಟ, ಆದರೆ ಎರಡು ಒಳ್ಳೆಯದರ ನಡುವೆ ಒಂದನ್ನು ಬಿಡಬೇಕು. ಹಳೇ ಮಾದರಿಯ ಫ್ಯಾನ್ ಅಂದರೆ ತಾಮ್ರದ ಸುತ್ತು, ಬೇರಿಂಗ್, ರೆಕ್ಕೆ, ಒಂದು ಕೆಪಾಸಿಟರ್. ಇಷ್ಟನ್ನೂ ಇಲ್ಲಿಯೇ ಮಾಡುವ ಉದ್ಯಮ ದಶಕಗಳಿಂದ ಇದೆ. ಆದರೆ 75 ವ್ಯಾಟ್ ತಿನ್ನುತ್ತದೆ. ಬ್ರಷ್ ಇಲ್ಲದ ಡಿಸಿ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟಿನಲ್ಲಿ ತಿರುಗುತ್ತದೆ, ಆದರೆ ಅದರೊಳಗೆ ಅಯಸ್ಕಾಂತ, ನಿಯಂತ್ರಣದ ಬೋರ್ಡು, ಜೊತೆಗೊಂದು ರಿಮೋಟ್. ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 197 ಯೂನಿಟ್ ವ್ಯತ್ಯಾಸ. ಮಲಗುವ ಕೋಣೆ, ಹಜಾರಕ್ಕೆ ಬಿಎಲ್‌ಡಿಸಿ, ಅಪರೂಪಕ್ಕೆ ತಿರುಗುವ ಕಡೆ ಹಳೆಯದು ಎಂದು ಇತ್ಯರ್ಥವಾಯಿತು. ಫ್ಯಾನಿನ ಪೆಟ್ಟಿಗೆಯಲ್ಲಿ ‘ಮೂಲ ದೇಶ ಭಾರತ’ ಎಂದಿತ್ತು, ರಿಮೋಟಿನ ಬೆನ್ನಲ್ಲಿ ಬೇರೆಯೇ ಇತ್ತು. ಆಮೇಲೆ ಗೋಡೆಯ ರೆಗ್ಯುಲೇಟರಿಗೆ ಹೊಂದುವ ಬಿಎಲ್‌ಡಿಸಿ ಮಾದರಿಯೂ ಇದೆ ಎಂದು ತಿಳಿಯಿತು. ಕೊಳ್ಳುವ ಮೊದಲೇ ಕೇಳಿ.

ಅಡುಗೆಮನೆ, ಬಚ್ಚಲು, ಬಾಗಿಲು ಇವುಗಳಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೊರ್ಬಿಯ ಟೈಲ್ಸ್, ಅಲಿಗಢದ ಬೀಗ, ಜಾಮ್‌ನಗರದ ಹಿತ್ತಾಳೆ ಸಾಮಾನು, ಇಂಥ ಊರಿನದೇ ಎಂದು ಗುರುತಿಸುವ ಭೌಗೋಳಿಕ ಸೂಚಿಕೆ (ಜಿಐ) ಪಡೆದ ಕೊಯಮತ್ತೂರಿನ ಗ್ರೈಂಡರು. ಕುಕ್ಕರು, ಮಿಕ್ಸಿ, ಗ್ಯಾಸ್ ಒಲೆಯಲ್ಲಿ ಇಲ್ಲಿಯದ್ದೇ ರಾಶಿ. ಎಡವುವುದು ಸಣ್ಣ ಸಾಮಾನಿನಲ್ಲಿ: ಗ್ಯಾಸ್ ಲೈಟರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಕೈಯಲ್ಲಿ ಎಳೆಯುವ ತರಕಾರಿ ಕಟರ್. ಬೆಳ್ಳುಳ್ಳಿಯನ್ನೂ ನೋಡಿ ತನ್ನಿ. ಚೀನಾ ಬೆಳ್ಳುಳ್ಳಿಯ ಆಮದಿಗೆ 2014ರಿಂದ ನಿಷೇಧವಿದೆ, ಆದರೂ ಕಳ್ಳದಾರಿಯಲ್ಲಿ ಬರುತ್ತದೆ. ಗಡ್ಡೆ ದಪ್ಪ, ಬೆಳ್ಳಗೆ, ಬುಡದ ಬೇರು ನುಣ್ಣಗೆ ಕತ್ತರಿಸಿರುತ್ತದೆ, ಘಾಟು ಕಡಿಮೆ. ಇದಕ್ಕೆ ತದ್ವಿರುದ್ಧ ಗಾಳಿಪಟಕ್ಕೆ ಕಟ್ಟುವ ‘ಚೈನಾ ಮಾಂಜಾ’. ಹೆಸರಿನಲ್ಲಿ ಚೀನಾ ಇದ್ದರೂ ಅದು ಹೆಚ್ಚಾಗಿ ನಮ್ಮಲ್ಲೇ ತಯಾರಾಗುವ ನೈಲಾನ್ ದಾರ. ನಿಷೇಧವಾಗಿರುವುದು ಅದು ಕತ್ತು ಕುಯ್ಯುತ್ತದೆ ಎಂಬ ಕಾರಣಕ್ಕೆ.

ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಸಾದಾ ಆಟಿಕೆಗೆ ಐಎಸ್ 9873, ಬ್ಯಾಟರಿ ಇರುವುದಕ್ಕೆ ಐಎಸ್ 15644. ಆದರೆ ಚನ್ನಪಟ್ಟಣದ ಬೊಂಬೆಯ ಮೇಲೆ ಐಎಸ್‌ಐ ಹುಡುಕಿ ಸಿಗಲಿಲ್ಲವೆಂದು ವಾಪಸು ಇಡಬೇಡಿ. ಭೌಗೋಳಿಕ ಸೂಚಿಕೆ ಇರುವ ವಸ್ತುಗಳಿಗೂ ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೂ ಆ ಆದೇಶದಲ್ಲಿ ವಿನಾಯಿತಿ ಇದೆ. ಆಲೆ ಮರದ ಬೊಂಬೆ ಕೈಯಲ್ಲಿ ಹಗುರ. ಅರಗಿನ ಬಣ್ಣವನ್ನು ತಿರುಗುವ ಮರಕ್ಕೆ ಒತ್ತಿ ಹಚ್ಚಿರುವುದರಿಂದ ಉಗುರಿನಲ್ಲಿ ಕೆರೆದರೆ ಸಿಪ್ಪೆಯಾಗಿ ಏಳುವುದಿಲ್ಲ. ಹೆದ್ದಾರಿ ಪಕ್ಕದ ಅಂಗಡಿಗಳಲ್ಲಿ ಮರದ ಕುದುರೆಯ ಪಕ್ಕದಲ್ಲೇ ಪ್ಲಾಸ್ಟಿಕ್ ಮಾಲೂ ಇರುತ್ತದೆ, ಅದಕ್ಕೆ ಐಎಸ್‌ಐ ಬೇಕೇ ಬೇಕು.

ಗೃಹಪ್ರವೇಶದ ಹೊತ್ತಿಗೆ ರೇಷ್ಮೆ, ಊದುಬತ್ತಿಯ ಸರದಿ. ಇವೆರಡರಲ್ಲಿ ಅನುಮಾನವೇ ಇರುವುದಿಲ್ಲ ಎಂದುಕೊಂಡದ್ದು ತಪ್ಪಾಯಿತು. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದೇ ಆದರೂ ಮಗ್ಗಕ್ಕೆ ಚೀನಾದ ನೂಲೂ ಬರುತ್ತದೆ. ಎಳೆ ಸಮನಾಗಿರುತ್ತದೆ, ಕಡಿಮೆ ತುಂಡಾಗುತ್ತದೆ ಎಂದು ನೇಕಾರರೇ ಅದನ್ನು ಕೇಳುತ್ತಾರೆ. ಸೀರೆಯ ತುದಿಗೆ ಕಟ್ಟಿರುವ ಸಿಲ್ಕ್ ಮಾರ್ಕ್ ಚೀಟಿ ಹೇಳುವುದು ಅದು ಅಪ್ಪಟ ರೇಷ್ಮೆ ಎಂದಷ್ಟೇ, ಗೂಡು ರಾಮನಗರದ್ದೋ ಚೀನಾದ್ದೋ ಎಂದಲ್ಲ. ನೂಲಿನ ಮೂಲವೂ ಮುಖ್ಯ ಎನ್ನುವವರು ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಮಳಿಗೆಗೆ ಹೋಗುವುದು ಸುಲಭದ ದಾರಿ. ತಿ. ನರಸೀಪುರದಲ್ಲಿ ಅವರದೇ ನೂಲು ತೆಗೆಯುವ ಕಾರ್ಖಾನೆ, ಮೈಸೂರಿನಲ್ಲಿ ನೇಯ್ಗೆ. ಬೆಳಿಗ್ಗೆಯೇ ಹೋಗಿ, ಹಬ್ಬದ ದಿನಗಳಲ್ಲಿ ಮಳಿಗೆ ತೆರೆಯುವ ಮೊದಲೇ ಸಾಲು ಇರುತ್ತದೆ.

ಮೈಸೂರು ಊದುಬತ್ತಿಗೂ ಭೌಗೋಳಿಕ ಸೂಚಿಕೆ ಇದೆ. ಆದರೆ ಒಳಗಿನ ಬಿದಿರು ಕಡ್ಡಿ ಬಹುಕಾಲ ಚೀನಾ, ವಿಯೆಟ್ನಾಂಗಳಿಂದ ಬರುತ್ತಿತ್ತು. ಕೇಂದ್ರ ಸರ್ಕಾರ 2019ರ ಆಗಸ್ಟ್ ಕೊನೆಗೆ ಊದುಬತ್ತಿಯ ಆಮದನ್ನು ನಿರ್ಬಂಧಿಸಿ, 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಸುಂಕವನ್ನು ಶೇ. 10ರಿಂದ 25ಕ್ಕೆ ಏರಿಸಿತು. ಪ್ಯಾಕೆಟ್ ಮೇಲೆ ಕಡ್ಡಿಯ ಊರು ಬರೆದಿರುವುದಿಲ್ಲ. ಇಂಥ ಕಡೆ ಹುಡುಕಾಟ ನಿಲ್ಲಿಸಿ. ಮಾತ್ರೆ, ಔಷಧಿಯಲ್ಲಂತೂ ಹುಡುಕಾಟ ಶುರುವೇ ಮಾಡಬೇಡಿ. ನಾವು ಆಮದು ಮಾಡುವ ಔಷಧದ ಕಚ್ಚಾವಸ್ತುವಿನಲ್ಲಿ ಹೆಚ್ಚಿನ ಪಾಲು ಚೀನಾದ್ದು, ಮಾತ್ರೆಯ ಪಟ್ಟಿಯ ಮೇಲೆ ಅದು ಬರೆದಿರುವುದಿಲ್ಲ. ಡಾಕ್ಟರು ಬರೆದದ್ದನ್ನು ನುಂಗಬೇಕು.

ಆನ್‌ಲೈನ್ ಖರೀದಿಯ ಕಿರಿಕಿರಿ ಬೇರೆ. 2020ರ ಜುಲೈಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಮೂಲ ದೇಶವನ್ನು ಪುಟದಲ್ಲಿ ತೋರಿಸಬೇಕು. ತೋರಿಸುತ್ತಾರೆ, ಆದರೆ ಪುಟದ ತಳದಲ್ಲಿ ‘ಹೆಚ್ಚಿನ ಮಾಹಿತಿ’ಯ ಒಳಗೆ. ಒಂದೇ ಪುಟದಲ್ಲಿ ನಾಲ್ಕೈದು ಮಾರಾಟಗಾರರು ಇರುತ್ತಾರೆ. ಪುಟದಲ್ಲಿರುವುದು ಒಬ್ಬರ ಮಾಹಿತಿ, ಮನೆಗೆ ಬರುವುದು ಇನ್ನೊಬ್ಬರ ಮಾಲು. ಹೀಗೆ ತರಿಸಿದ ಎಮರ್ಜೆನ್ಸಿ ದೀಪದ ಪುಟದಲ್ಲಿ ಭಾರತ ಎಂದಿತ್ತು, ಪೆಟ್ಟಿಗೆಯಲ್ಲಿ ಪಿಆರ್‌ಸಿ. ವಾಪಸು ಕಳಿಸಲು ಹೋದರೆ ‘ದೋಷವಿಲ್ಲದ ವಸ್ತು’ ಎಂದು ಎರಡು ಸಲ ತಿರಸ್ಕರಿಸಿದರು. ಕಾರಣದ ಜಾಗದಲ್ಲಿ ‘ಇಷ್ಟವಾಗಲಿಲ್ಲ’ ಎಂದು ಹಾಕಿದ್ದೇ ತಪ್ಪು. ‘ವಿವರಣೆಗೂ ವಸ್ತುವಿಗೂ ಹೊಂದಿಕೆಯಿಲ್ಲ’ ಎಂಬುದನ್ನು ಆರಿಸಿ ಪುಟದ ಸ್ಕ್ರೀನ್‌ಶಾಟ್, ಪೆಟ್ಟಿಗೆಯ ಫೋಟೊ ಎರಡನ್ನೂ ಹಾಕಿದ ಮೇಲೆ, ಗ್ರಾಹಕರ ಸಹಾಯವಾಣಿ 1915ಕ್ಕೂ ದೂರು ಕೊಟ್ಟ ಮೇಲೆ ಹದಿನೆಂಟನೇ ದಿನ ದುಡ್ಡು ಬಂತು. ಆರ್ಡರ್ ಮಾಡುವ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಪುಟ ಬದಲಾಗಿರುತ್ತದೆ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಇರಲಿ.

ಪವರ್ ಬ್ಯಾಂಕ್, ಎಮರ್ಜೆನ್ಸಿ ಬಲ್ಬ್, ಬ್ಲೂಟೂತ್ ಸ್ಪೀಕರ್ ಹೀಗೆ ಲಿಥಿಯಂ ಸೆಲ್ ಇರುವ ಎಲ್ಲದರಲ್ಲೂ ಒಂದೇ ಕತೆ. ಮೇಲಿನ ಡಬ್ಬಿ ಇಲ್ಲಿಯದು, ಒಳಗಿನ ಸೆಲ್ ಅಲ್ಲಿಯದು. ಸೆಲ್‌ಗೆ ಐಎಸ್ 16046ರಡಿ ಪ್ರತ್ಯೇಕ ಆರ್ ನಂಬರ್ ಇರುವುದರಿಂದ, ಅದು ಕಾಣಿಸಿದರೆ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ನೋಡಲೆಂದು ಪವರ್ ಬ್ಯಾಂಕ್ ಬಿಚ್ಚಬೇಡಿ, ಸ್ಕ್ರೂಡ್ರೈವರ್ ತಾಗಿ ಸೆಲ್ ತೂತಾದರೆ ಬೆಂಕಿ. ಮೊಬೈಲಿನಲ್ಲಿ ಕೊರಿಯಾದ ಸ್ಯಾಮ್‌ಸಂಗ್ ಆರಿಸಿದ್ದು. ಅದು ಚೀನಾದಲ್ಲಿದ್ದ ತನ್ನ ಕೊನೆಯ ಫೋನ್ ಕಾರ್ಖಾನೆಯನ್ನು 2019ರಲ್ಲೇ ಮುಚ್ಚಿದೆ, ಇಲ್ಲಿ ನೋಯ್ಡಾದಲ್ಲಿ ತಯಾರಿಸುತ್ತದೆ. ಚಾರ್ಜರಿನ ಮೇಲೆ ಬೇರೆಯೇ ‘ಮೇಡ್ ಇನ್’ ಇರುತ್ತದೆ, ಅದನ್ನೂ ಓದಿ.

ಇನ್ನು ಸೋಲಾರ್. ಹದಿನಾಲ್ಕರಲ್ಲಿ ನಾಲ್ಕು ತಿಂಗಳು ತಿಂದದ್ದು ಇದೊಂದೇ. ಪ್ಯಾನೆಲ್ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ಶೇ. 80ಕ್ಕಿಂತ ಹೆಚ್ಚು ಪಾಲು ಚೀನಾದ್ದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ಹೇಳಿತ್ತು. ಅದೇ ವರ್ಷದ ಏಪ್ರಿಲ್ 1ರಿಂದ ನಮ್ಮಲ್ಲಿ ಆಮದು ಪ್ಯಾನೆಲ್‌ಗೆ ಶೇ. 40, ಪ್ಯಾನೆಲ್ಲಿನ ಒಳಗೆ ಬಿಸಿಲನ್ನು ಕರೆಂಟಾಗಿಸುವ ಸೆಲ್‌ಗೆ ಶೇ. 25 ಸುಂಕ ಬಂತು. ಸೆಲ್‌ಗೆ ಸುಂಕ ಕಡಿಮೆ ಆದ್ದರಿಂದ ಸೆಲ್ ತರಿಸಿ ಇಲ್ಲಿ ಪ್ಯಾನೆಲ್ ಮಾಡುವ ಕಾರ್ಖಾನೆಗಳು ಎದ್ದವು. ಅಂಥ ಪ್ಯಾನೆಲ್ಲಿನ ಬೆನ್ನಲ್ಲೂ ‘ಮೇಡ್ ಇನ್ ಇಂಡಿಯಾ’ ಇರುತ್ತದೆ, ಅದು ಸುಳ್ಳೂ ಅಲ್ಲ. ಸೆಲ್ಲೂ ಇಲ್ಲಿಯದೇ ಆಗಬೇಕಾದರೆ ಕೇಳಬೇಕಾದ ಪದ ಡಿಸಿಆರ್. ಸೆಲ್, ಪ್ಯಾನೆಲ್ ಎರಡೂ ದೇಶದಲ್ಲೇ ತಯಾರಾಗಿರಬೇಕೆಂಬ ಷರತ್ತು ಅದು. ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿಗೆ ಡಿಸಿಆರ್ ಪ್ಯಾನೆಲ್ ಕಡ್ಡಾಯ: ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. 3 ಕಿಲೋವ್ಯಾಟಿಗೆ ಸಿಕ್ಕ ಕೊಟೇಷನ್‌ಗಳಲ್ಲಿ ಡಿಸಿಆರ್‌ಗೆ ಸುಮಾರು 30,000 ರೂಪಾಯಿ ಹೆಚ್ಚಿತ್ತು. ಸಬ್ಸಿಡಿ ಕಳೆದರೆ ದೇಶೀಯದ್ದೇ ಅಗ್ಗ. ಇಡೀ ಪಟ್ಟಿಯಲ್ಲಿ ಹೀಗಾದದ್ದು ಇದೊಂದೇ ಐಟಂ.

ಮೊದಲ ತೊಡಕು ಕಾಗದಪತ್ರದ್ದು. ಕರೆಂಟ್ ಬಿಲ್ಲಿನಲ್ಲಿರುವ ಹೆಸರು, ಆಧಾರ್, ಬ್ಯಾಂಕ್ ಖಾತೆ ಮೂರೂ ಒಂದೇ ಆಗಿರಬೇಕು. ನಿವೇಶನದ ಹಳೇ ಮಾಲೀಕರ ಹೆಸರಿನಲ್ಲೇ ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಇದ್ದದ್ದರಿಂದ ಹೆಸರು ವರ್ಗಾವಣೆಗೇ ಐದು ವಾರ ಹೋಯಿತು. ಮೊದಲು ಅದನ್ನು ಮುಗಿಸಿ, ಆಮೇಲೆ ಯೋಜನೆಯ ಪೋರ್ಟಲ್ಲಿಗೆ ಹೋಗಿ. ನೋಂದಣಿ, ಅನುಮತಿ ಒಂದೇ ವಾರದಲ್ಲಿ ಆಯಿತು. ಮಾರಾಟಗಾರರ ಕೊಟೇಷನ್ನಿನಲ್ಲಿ ಪ್ಯಾನೆಲ್ ಮಾದರಿಯ ಪಕ್ಕ ‘ಡಿಸಿಆರ್’ ಎಂದು ಬರೆಸಿಕೊಳ್ಳಿ, ಪ್ಯಾನೆಲ್ ಬಂದ ದಿನ ತಯಾರಕರ ಡಿಸಿಆರ್ ಪ್ರಮಾಣಪತ್ರ ಕೇಳಿ. ಅದರಲ್ಲಿ ಪ್ರತಿ ಪ್ಯಾನೆಲ್ಲಿನ ಸೀರಿಯಲ್ ನಂಬರ್ ಇರಬೇಕು.

ಇಲ್ಲಿಗೆ ಬಂದ ಆರು ಪ್ಯಾನೆಲ್ಲುಗಳಲ್ಲಿ ಎರಡರ ಸೀರಿಯಲ್ ನಂಬರ್ ಪ್ರಮಾಣಪತ್ರದಲ್ಲಿ ಇರಲಿಲ್ಲ. ನೋಡಲು ಆರೂ ಒಂದೇ, ಒಂದೇ ಕಂಪನಿ, ಒಂದೇ ವ್ಯಾಟ್. ಆಟೊದಿಂದ ಇಳಿಸಿದಾಗ ಗಾಜಿನ ಅಂಚಿನ ಒಳಗೆ ಅಚ್ಚಾಗಿರುವ ನಂಬರನ್ನು ಒಂದೊಂದಾಗಿ ಹೋಲಿಸಿದ್ದರಿಂದ ಸಿಕ್ಕಿಬಿತ್ತು. ‘ಗೋಡೌನಲ್ಲಿ ಹುಡುಗ್ರು ಮಿಕ್ಸ್ ಮಾಡಿದಾರೆ ಸಾರ್, ಎರಡು ದಿನದಲ್ಲಿ ಬದಲಾಯಿಸ್ತೀವಿ’ ಎಂದರು. ಒಂಬತ್ತು ದಿನವಾಯಿತು. ಬದಲಾಯಿಸದೆ ಮೇಲೇರಿಸಿದ್ದರೆ ಪೋರ್ಟಲ್ಲಿಗೆ ನಂಬರ್ ಏರಿಸುವ ಹಂತದಲ್ಲಿ ಸಬ್ಸಿಡಿ ನಿಲ್ಲುತ್ತಿತ್ತು, ಆಗ ಬಿಚ್ಚಿ ಇಳಿಸುವ ಖರ್ಚು ಯಾರದೆಂಬ ಇನ್ನೊಂದು ಜಗಳ.

ಜೋಡಣೆಗೆ ಎರಡು ದಿನ. ಕಬ್ಬಿಣದ ಸ್ಟ್ಯಾಂಡು, ಕೇಬಲ್ಲು, ಅರ್ಥಿಂಗ್ ಎಲ್ಲ ಇಲ್ಲಿಯದೇ. ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಹೊಂದುವಂತೆ ಬದಲಿಸುವ ಇನ್ವರ್ಟರಿಗೆ ಮಾತ್ರ ಡಿಸಿಆರ್ ಷರತ್ತು ಅನ್ವಯಿಸುವುದಿಲ್ಲ. ಕೊಟೇಷನ್ನಿನಲ್ಲಿ ‘ಹೆಸರಾಂತ ಕಂಪನಿಯ ಇನ್ವರ್ಟರ್’ ಎಂದಷ್ಟೇ ಬರೆದಿದ್ದರೆ ಬರುವುದು ಚೀನಾದ್ದೇ ಎಂದು ತಿಳಿಯಿರಿ. ಮಾದರಿಯ ಹೆಸರು ಬರೆಸಿ, ಆರ್ ನಂಬರ್ ನೋಡಿ, ಭಾರತದ ಕಾರ್ಖಾನೆಯ ವಿಳಾಸ ಇರುವುದನ್ನು ಕೇಳಿದರೆ ಸಿಗುತ್ತದೆ. 6,500 ರೂಪಾಯಿ ಹೆಚ್ಚಾಯಿತು, ಎರಡು ವಾರ ಕಾಯಬೇಕಾಯಿತು. ಪ್ಯಾನೆಲ್ ಒಳಗಿನ ಸೆಲ್ ಮಾಡಲು ಬಳಸುವ ಸಿಲಿಕಾನ್ ಬಿಲ್ಲೆ ಎಲ್ಲಿಯದು ಎಂದು ಕೇಳಬೇಡಿ. ಅದು ಬಹುಮಟ್ಟಿಗೆ ಚೀನಾದ್ದು, ಡಿಸಿಆರ್ ನಿಯಮ ಸೆಲ್‌ಗೇ ನಿಲ್ಲುತ್ತದೆ.

ಕರೆಂಟ್ ಒಳಬರುವುದನ್ನೂ ಹೊರಹೋಗುವುದನ್ನೂ ಅಳೆಯುವ ಎರಡೂ ದಿಕ್ಕಿನ ಮೀಟರು ಬಂದು ಕೂರಲು ಮತ್ತೆ ಐದು ವಾರ. ಸಬ್ಸಿಡಿ ಇನ್ನೂ ಖಾತೆಗೆ ಬಂದಿಲ್ಲ. ಇನ್ವರ್ಟರಿನ ತಳಕ್ಕೆ ಸಿಕ್ಕಿಸುವ ವೈಫೈ ಡಾಂಗಲ್ ಮೊನ್ನೆ ಬೇರೆ ಪೊಟ್ಟಣದಲ್ಲಿ ಬಂತು. ಇನ್ವರ್ಟರ್ ಇಲ್ಲಿಯದು, ಡಾಂಗಲ್ಲಿನ ಬೆನ್ನಲ್ಲಿ ಭೂತಗನ್ನಡಿ ಹಿಡಿದರೆ ‘ಪಿಆರ್‌ಸಿ’. ಅದಿಲ್ಲದಿದ್ದರೂ ಕರೆಂಟ್ ತಯಾರಾಗುತ್ತದೆ, ಮೊಬೈಲಿನಲ್ಲಿ ಲೆಕ್ಕ ಕಾಣುವುದಿಲ್ಲ ಅಷ್ಟೆ. ಸದ್ಯಕ್ಕೆ ಸಿಕ್ಕಿಸಿಲ್ಲ. ದಿನದ ಯೂನಿಟ್ಟನ್ನು ಸಂಜೆ ಇನ್ವರ್ಟರಿನ ಪರದೆ ನೋಡಿ ಅದೇ ನೋಟ್‌ಬುಕ್ಕಿನಲ್ಲಿ ಬರೆಯುವುದು ನಡೆದಿದೆ.